ಬೆಳ್ಯಪ್ಪ ಮಾವನ ಇಂಗು ಹಾಕಿದ ಅರ್ಜಿ

ಇದು ನಿಜವಾಗಿ ನಡೆದ ಕಥೆ. ಹಾಗೆಂದು ಶುರು ಮಾಡುವವರೆಲ್ಲ ಮುಂದಿನ ಸಾಲಿನಿಂದಲೇ ಸುಳ್ಳು ಹೇಳುತ್ತಾರೆಂಬುದು ನನಗೂ ಗೊತ್ತಿರುವುದರಿಂದ ಮೊದಲೇ ಸಾಕ್ಷಿ ಕೊಟ್ಟುಬಿಡುತ್ತೇನೆ: ಐದು ಇಲಾಖೆಗಳ ಸರ್ಕಾರಿ ಬೂಟುಗಳು ನಮ್ಮೂರ ತೋಡಿನ ನೀರು ಕುಡಿದಿವೆ. ಅನುಮಾನವಿದ್ದವರು ಆ ಬೂಟುಗಳನ್ನೇ ಕೇಳಬಹುದು.

ಆಗ ಕೊಡಗು ತನ್ನದೇ ಒಂದು ರಾಜ್ಯ. ನಮಗೆ ನಮ್ಮದೇ ಮಂತ್ರಿಗಳು, ನಮ್ಮದೇ ಕಾನೂನು, ನಮ್ಮದೇ ರಾಜಧಾನಿ. ಬೇರೆ ರಾಜ್ಯದವರು ತಮ್ಮ ರಾಜಧಾನಿ ನೋಡಲು ಬುತ್ತಿ ಕಟ್ಟಿಕೊಂಡು ಎರಡು ದಿನ ರೈಲಿನಲ್ಲಿ ಹೋಗಬೇಕಿದ್ದ ಕಾಲದಲ್ಲಿ ನಾವು ಬೆಳಿಗ್ಗೆ ಬಸ್ಸು ಹತ್ತಿ ಮಡಿಕೇರಿಗೆ ಹೋಗಿ, ಸರ್ಕಾರವನ್ನು ಬೈದು, ಸಂಜೆ ಹಂದಿಗೆ ಕೂಳು ಹಾಕುವ ಹೊತ್ತಿಗೆ ಮನೆಗೆ ಬರುತ್ತಿದ್ದೆವು. ಇಷ್ಟು ಹತ್ತಿರದ ಸರ್ಕಾರ ಭೂಮಿಯ ಮೇಲೆ ಇನ್ನೆಲ್ಲೂ ಇರಲಿಲ್ಲ ಎಂದು ನಮ್ಮ ಬೆಳ್ಯಪ್ಪ ಮಾವ ಹೇಳುತ್ತಿದ್ದರು. ಅವರ ಪ್ರಕಾರ ಸರ್ಕಾರಕ್ಕೂ ನಮಗೂ ನಡುವೆ ಇದ್ದ ದೂರ ಒಂದು ತೋಡು ಮಾತ್ರ.

ಆ ತೋಡು ನಮ್ಮ ಕಲ್ಲುಮೊಟ್ಟೆ ಊರಿಗೂ ಬಸ್ಸಿನ ರಸ್ತೆಗೂ ಮಧ್ಯೆ ಹರಿಯುತ್ತಿತ್ತು. ದಾಟಲು ಒಂದು ಸಂಕ. ಸಂಕವೆಂದರೆ ದಡದಿಂದ ದಡಕ್ಕೆ ಅಡ್ಡ ಕೆಡವಿದ ಒಂದೇ ಒಂದು ಬೈನೆ ಮರ. ಹಿಡಿಯಲು ಕೈಮರವಿಲ್ಲ, ಮೇಲೆ ಪಾಚಿ. ಬರಿಗಾಲಿನವರನ್ನು ಅದು ತಲೆಯ ಮೇಲಿನ ಹೊರೆಯ ಸಮೇತ ದಾಟಿಸುತ್ತಿತ್ತು. ಬೂಟು ಹಾಕಿದವರನ್ನು ಮಾತ್ರ ಅದಕ್ಕೆ ಕಂಡರಾಗುತ್ತಿರಲಿಲ್ಲ. ಮಳೆಗಾಲದಲ್ಲಿ ನೀರು ಸಂಕದ ಮೇಲೇ ಹತ್ತಿ, ನಾವು ನಾಲ್ಕು ತಿಂಗಳು ಈಚೆ ದಡದಲ್ಲೇ ಇರುತ್ತಿದ್ದೆವು. ಹಿಂದಿನ ಮಳೆಗಾಲದಲ್ಲಿ ನಮ್ಮೂರ ಮುದ್ದಜ್ಜಿಗೆ ಹಲ್ಲುನೋವು ಬಂತು. ಡಾಕ್ಟರು ಆಚೆ, ಹಲ್ಲು ಈಚೆ. ಹನ್ನೊಂದು ದಿನ ಕಾದು ಕಾದು ಬೇಸತ್ತ ಹಲ್ಲು ತಾನಾಗಿಯೇ ಬಿದ್ದುಹೋಯಿತು. ಪಕ್ಕದ ಒಳ್ಳೆಯ ಹಲ್ಲನ್ನೂ ಜೊತೆಗೆ ಕರೆದುಕೊಂಡು ಹೋಯಿತು.

ಆ ವರ್ಷ ತುಲಾ ಸಂಕ್ರಮಣ ಕಳೆದ ಮೇಲೆ ಊರವರೆಲ್ಲ ಊರಿನ ಹಿರಿಯ ಬೋಜಪ್ಪಣ್ಣನ ಅಂಗಳದಲ್ಲಿ ಸೇರಿ, ಸೇತುವೆ ಬೇಕೆಂದು ಸರ್ಕಾರಕ್ಕೆ ಅರ್ಜಿ ಹಾಕುವುದೆಂದು ತೀರ್ಮಾನಿಸಿದರು. ಅರ್ಜಿಯೆಂದರೆ ಇಂಗ್ಲಿಷಿನಲ್ಲಿರಬೇಕು. ಇಂಗ್ಲಿಷೆಂದರೆ ಬೆಳ್ಯಪ್ಪ ಮಾವ.

ಇಲ್ಲಿ ಅವರ ಇಂಗ್ಲಿಷಿನ ವಿಚಾರ ಸ್ವಲ್ಪ ಹೇಳಬೇಕು. ಮಾವ ಕುಟ್ಟದ ಕಡೆಯ ಒಬ್ಬ ಇಂಗ್ಲಿಷ್ ದೊರೆಯ ಕಾಫಿ ಎಸ್ಟೇಟಿನಲ್ಲಿ ಹದಿನಾಲ್ಕು ವರ್ಷ ರೈಟರಾಗಿದ್ದವರು. ರೈಟರೆಂದರೆ ಪುಸ್ತಕ ಬರೆಯುವವರಲ್ಲ, ಕೂಲಿ ಲೈನುಮನೆಗಳ ಆಳುಗಳ ಹಾಜರಿ ಬರೆಯುವವರು. ದೊರೆ ಎಸ್ಟೇಟು ಮಾರಿ ತನ್ನ ದೇಶಕ್ಕೆ ಹೊರಟಾಗ ಮಾವನಿಗೊಂದು ಸರ್ಟಿಫಿಕೇಟು ಬರೆದುಕೊಟ್ಟ. ಮೂರೇ ವಾಕ್ಯ. ಮೊದಲನೆಯದು ‘ಹ್ಯಾವಿಂಗ್’ ಎಂದು ಶುರು. ಎರಡನೆಯದು ‘ಬೀಯಿಂಗ್’. ಮೂರನೆಯದು ‘ನೋಯಿಂಗ್’. ನಾವು ‘ಇರುತ್ತಾ’, ‘ನಡೆಯುತ್ತಾ’, ‘ಕುಡಿಯುತ್ತಾ’ ಎನ್ನುವ ಹಾಗೆ ಇಂಗ್ಲಿಷಿನವರು ಕ್ರಿಯಾಪದದ ಬಾಲಕ್ಕೆ ಒಂದು ‘ಇಂಗ್’ ಸೇರಿಸಿ, ಅದನ್ನು ವಾಕ್ಯದ ಮುಂದೆ ಹೊರಡಿಸುವುದುಂಟು. ದೊರೆ ಅವಸರದಲ್ಲಿ ಹಾಗೆ ಬರೆದನೋ, ಅಥವಾ ಅವನಿಗೂ ಬೇರೆ ರೀತಿ ಬರುತ್ತಿರಲಿಲ್ಲವೋ, ದೇವರೇ ಬಲ್ಲ. ಮಾವ ಮಾತ್ರ ಆ ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿ, ದಿನಾ ಓದಿ, ಇಂಗ್ಲಿಷಿನ ಒಟ್ಟು ಗುಟ್ಟು ಇದೇ ಎಂದು ಕಂಡುಕೊಂಡರು.

“ನೋಡು ಉತ್ತಯ್ಯ,” ಎಂದು ನನಗೂ ಒಮ್ಮೆ ಪಾಠ ಮಾಡಿದ್ದರು. ನಾನು ಆಗಷ್ಟೇ ಬಿ.ಎ. ಮುಗಿಸಿ ಬಂದವನು. (ನಮ್ಮ ಕಡೆಯ ಮಾತಿನಲ್ಲಿ ‘ಉಟ್ಟು’ ಎಂದರೆ ‘ಉಂಟು’.) “ವಾಕ್ಯದ ಯಜಮಾನ, ಅದೇ ಕರ್ತೃಪದ, ಅಂದ್ರೆ ಮದುಮಗ. ಮದುಮಗ ಸೀದಾ ನುಗ್ಗಿ ಬಂದ್ರೆ ಮರ್ಯಾದೆ ಉಟ್ಟಾ? ಮುಂದೆ ವಾಲಗ ಬೇಕು. ಈ ಇಂಗ್ ಉಟ್ಟಲ್ಲ, ಅದು ವಾಲಗ. ಅದು ಬಾರಿಸ್ತಾ ಮುಂದೆ ಹೋಗ್ಬೇಕು, ಹಿಂದಿನಿಂದ ಯಜಮಾನ ಬರ್ಬೇಕು. ನಿನ್ನ ಕಾಲೇಜಲ್ಲಿ ಇದೆಲ್ಲ ಹೇಳ್ಕೊಟ್ಟಿದ್ದಾರಾ?”

“ಇಲ್ಲ ಮಾವ. ನಮ್ಮ ಪ್ರೊಫೆಸರು ಯಜಮಾನನನ್ನು ಒಬ್ಬನೇ ಕಳಿಸ್ತಿದ್ರು.”

“ಪಾಪ,” ಎಂದರು ಮಾವ. ಪ್ರೊಫೆಸರಿಗೋ, ಯಜಮಾನನಿಗೋ ತಿಳಿಯಲಿಲ್ಲ.

ಊರಿನವರಿಗೆ ಇಂಗ್ ಗೊತ್ತಿಲ್ಲ, ಇಂಗು ಗೊತ್ತು. ಸಾರಿಗೆ ಹಾಕುವುದು. ಬೆಳ್ಯಪ್ಪ ಅರ್ಜಿಗೂ ಇಂಗು ಹಾಕುತ್ತಾನಂತೆ, ಅದಕ್ಕೇ ಅದರ ವಾಸನೆ ಮಡಿಕೇರಿಯವರೆಗೆ ಹೋಗುತ್ತದಂತೆ ಎಂದು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಈ ಮಾತನ್ನು ಹುಟ್ಟಿಸಿದವನು ನಾನೇ ಎಂದು ಇಲ್ಲಿ ವಿನಯದಿಂದ ತಿಳಿಸುತ್ತೇನೆ.

ಆ ದಿನದ ಕೂಟದಲ್ಲಿ ಬೋಜಪ್ಪಣ್ಣ ಒಂದು ಕೊಕ್ಕೆ ಹಾಕಿದರು. “ಬೆಳ್ಯಪ್ಪ, ನೀ ಬರಿ, ಬೇಡ ಅನ್ನುದಿಲ್ಲೆ. ಆದ್ರೆ ಈಗ ಊರಲ್ಲಿ ಬಿ.ಎ. ಆದ ಹುಡುಗ ಉಟ್ಟು. ಅವನೂ ಒಂದು ಕೈ ನೋಡ್ಲಿ.”

ಇಪ್ಪತ್ತು ವರ್ಷದಿಂದ ಕಲ್ಲುಮೊಟ್ಟೆಯ ಒಂದು ಕಾಗದವೂ ಬೆಳ್ಯಪ್ಪ ಮಾವನ ಪೆನ್ನಿನಿಂದಲ್ಲದೆ ತೋಡು ದಾಟಿರಲಿಲ್ಲ. ಮಾವ ಎದ್ದು ನಿಂತರು. ಕೋಟಿನ ಜೇಬಿನಿಂದ ಪೆನ್ನು ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದರು.

“ಬರುವ ಮಳೆಗಾಲ ಹಿಡಿಯುವ ಮೊದಲು ಇಲ್ಲಿ ಸೇತುವೆ ಆಗ್ತದೆ. ಆಗದಿದ್ರೆ ಈ ಪೆನ್ನು ಉತ್ತಯ್ಯಂಗೆ. ನಾ ಮತ್ತೆ ಸಹಿ ಕೂಡ ಹಾಕುದಿಲ್ಲೆ, ಹೆಬ್ಬೆಟ್ಟು ಒತ್ತುವೆ.”

ಯಮುನತ್ತೆ, ಅಂದರೆ ಮಾವನ ಹೆಂಡತಿ, ಹೆಂಗಸರ ನಡುವಿನಿಂದ ಹೇಳಿದರು: “ಹೆಬ್ಬೆಟ್ಟಿಗೂ ಮುಂದೆ ವಾಲಗ ಬೇಕಾದೀತು.”

ಮೊದಲನೆಯ ಅರ್ಜಿ ಹೋಯಿತು. ‘ಸಫರಿಂಗ್ ಫ್ರಮ್ ಲಾಂಗ್ ಟೈಮ್ ವಿತೌಟ್ ಬ್ರಿಡ್ಜ್’ ಎಂದು ಅದರ ಮೊದಲ ಸಾಲು. ಬಹುಕಾಲದಿಂದ ಸೇತುವೆಯಿಲ್ಲದೆ ನರಳುತ್ತಾ ಇರುವವರಾದ ನಾವು ಎಂದು ಭಾವ. ಕೆಳಗೆ ನಲವತ್ತು ಮನೆಯವರ ಸಹಿ.

ಹನ್ನೆರಡನೆಯ ದಿನಕ್ಕೆ ಸರ್ಕಾರ ಬಂತು. ಬೂಟು, ಟೋಪಿ, ಕೈಯಲ್ಲೊಂದು ತಗಡಿನ ಪೆಟ್ಟಿಗೆ. ಬೆಳ್ಯಪ್ಪ ಮಾವ ಈಚೆ ದಡದಲ್ಲಿ ಕೈಮುಗಿದು ನಿಂತರು. ಸಂಕದ ನಡುವೆ ಸರ್ಕಾರದ ಬಲಗಾಲು ಎಡಕ್ಕೂ ಎಡಗಾಲು ಕಾಣದ ಕಡೆಗೂ ಹೋಗಿ, ಟೋಪಿ ಮಾತ್ರ ಮರದ ಮೇಲೆ ಉಳಿಯಿತು. ನೀರು ಸೊಂಟದವರೆಗೆ ಮಾತ್ರ ಇದ್ದುದರಿಂದ ಸರ್ಕಾರ ನಡೆದುಕೊಂಡೇ ದಡ ಸೇರಿತು.

“ಎಲ್ಲಿದ್ದಾರೆ ಕಾಯಿಲೆಯವರು?” ಎಂದು ಕೇಳಿತು, ಮೂಗಿನಿಂದ ನೀರು ಸೀಟುತ್ತಾ.

ಬಂದವರು ಆರೋಗ್ಯ ಇನ್‌ಸ್ಪೆಕ್ಟರು. ಮಾವ ಸೇತುವೆಯ ವಿಷಯ ತೆಗೆದರು. “ಸೇತುವೆ ನನ್ನ ಡಿಪಾರ್ಟ್‌ಮೆಂಟ್ ಅಲ್ಲ ರೀ. ಬಹುಕಾಲದಿಂದ ನರಳ್ತಾ ಇದ್ದಾರೆ ಅಂತ ನನಗೆ ಚೀಟಿ ಬಂದಿದೆ. ಒದ್ದೆ ಆಗಿದ್ದಕ್ಕಾದ್ರೂ ಒಂದು ಕೆಲಸ ಮುಗಿಸಿ ಹೋಗ್ತೀನಿ. ತೋಳು ಮೇಲೆ ಮಾಡಿ.” ಆ ದಿನ ಕಲ್ಲುಮೊಟ್ಟೆಯ ನಲವತ್ತು ಮನೆಗೂ ಸೂಜಿ ಬಿತ್ತು. ಮೊದಲ ತೋಳು ಬೆಳ್ಯಪ್ಪ ಮಾವನದು. ಎರಡನೆಯದು ಬೋಜಪ್ಪಣ್ಣನದು, ಅವರು ಮರುದಿನ ಜ್ವರದಲ್ಲಿ ಮಲಗಿ ಇಂಗ್ಲಿಷ್ ಭಾಷೆಯನ್ನು ಅದರ ವಂಶದ ಸಮೇತ ಬೈದರು.

“ಇವರ ಇಂಗ್ಲಿಷಿಂದ ನಂಗೆ ಸೂಜಿ ಆತ್,” ಎಂದು ಯಮುನತ್ತೆ ತೋಳು ಉಜ್ಜಿಕೊಂಡರು.

ಮಾವ ಕುಗ್ಗಲಿಲ್ಲ. ಎದೆ ಎರಡಂಗುಲ ಮುಂದೆ ಬಂದಿತ್ತು. “ಹನ್ನೆರಡೇ ದಿನ. ಯಾರ ಅರ್ಜಿಗೆ ಹನ್ನೆರಡೇ ದಿನದಲ್ಲಿ ಆಫೀಸರ್ ಬಂದದ್ದು ಉಟ್ಟು? ಸೇತುವೆ ಕೊಡುವ ಮೊದಲು ಅದರ ಮೇಲೆ ನಡೆಯುವವರು ಬದುಕ್ತಾರಾ ಅಂತ ನೋಡ್ತಾರೆ. ಸರ್ಕಾರದ ಕ್ರಮ ಹಾಗೆ.”

ನನಗೆ ತಲೆ ತುರಿಸಿತು. ಮುಂದಿನ ಸೋಮವಾರ ಮಡಿಕೇರಿಗೆ ಹೋದೆ. ಅಲ್ಲಿನ ಒಂದು ದೊಡ್ಡ ಕಚೇರಿಯಲ್ಲಿ (ಹೆಸರು ಬೇಡ, ಈಗ ಆ ಕಚೇರಿಯೂ ಇಲ್ಲ) ಬರುವ ಟಪಾಲನ್ನು ದಾಖಲು ಮಾಡುವ ಗುಮಾಸ್ತ ಸಣ್ಣಸ್ವಾಮಿ ನನ್ನ ಜೊತೆ ಓದಿದವನು, ಕೊಡ್ಲಿಪೇಟೆಯವನು. ಅವನ ಮುಂದೆ ಅರ್ಜಿಗಳ ಗುಡ್ಡ. ಅವನು ಒಂದೊಂದನ್ನೇ ಎತ್ತಿ, ಮೊದಲ ನಾಲ್ಕು ಪದ ನೋಡಿ, ಅದನ್ನೇ ಒಂದು ಚೀಟಿಯಲ್ಲಿ ಬರೆದು, ಚೀಟಿಯನ್ನು ಯಾವುದೋ ಇಲಾಖೆಯ ಗೂಡಿಗೆ ಎಸೆದು, ಅರ್ಜಿಯನ್ನು ಬೆನ್ನ ಹಿಂದಿನ ಕಟ್ಟಿಗೆ ಸೇರಿಸುತ್ತಿದ್ದ.

“ಪೂರ್ತಿ ಓದೋದಿಲ್ವೇನೋ?” ಎಂದೆ.

“ನೋಡೋ ಇಲ್ಲಿ,” ಎಂದು ಅವನು ರಿಜಿಸ್ಟರು ತೋರಿಸಿದ. ‘ವಿಷಯ’ ಎಂಬ ಕಾಲಮ್ಮು ಎರಡು ಬೆರಳಗಲ ಇತ್ತು. “ನಾಕು ಪದ ಹಿಡಿತದೆ. ಐದನೇದು ಬರುದ್ರೆ ಪಕ್ಕದ ಕಾಲಮ್ಮಿಗೆ ಹೋಯ್ತದೆ, ಹೆಡ್‌ಕ್ಲಾರ್ಕು ಬೈತಾನೆ. ನಾಕರಾಗೆ ಯಾವ ಇಲಾಖೆ ಅಂತ ಗೊತ್ತಾಗದಿದ್ರೆ ನಾನ್ಯಾಕೆ ಗುಮಾಸ್ತ ಆಯ್ತಿದ್ದೆ?”

‘ಸಫರಿಂಗ್ ಫ್ರಮ್ ಲಾಂಗ್ ಟೈಮ್.’ ನಾಲ್ಕು ಪದ. ಸೇತುವೆ ಆರನೆಯ ಪದದಲ್ಲಿತ್ತು.

ಈ ಗುಟ್ಟನ್ನು ಊರಿಗೆ ಬಂದು ಹೇಳಬೇಕಾದ್ದು ನನ್ನ ಧರ್ಮವಾಗಿತ್ತು. ಹೇಳಲು ಹೊರಟೂ ಇದ್ದೆ. ಆದರೆ ಮಾವನ ಮನೆಯ ಮೆಟ್ಟಿಲು ಹತ್ತುವಾಗ, ಆರೋಗ್ಯ ಇನ್‌ಸ್ಪೆಕ್ಟರು ಮೂಗು ಸೀಟುತ್ತಾ ಮಾತಾಡಿದ ದನಿ ನನ್ನ ಗಂಟಲಲ್ಲೇ ಎದ್ದು ಕುಳಿತುಕೊಂಡಿತು. ನನಗೆ ಇರುವ ವಿದ್ಯೆ ಅದೊಂದೇ. ಯಾರ ದನಿಯಾದರೂ ಒಮ್ಮೆ ಕೇಳಿದರೆ ಸಾಕು, ಬಿಡುವುದಿಲ್ಲ. ಒಂದು ದನಿ ಸಿಕ್ಕಿತು, ಇನ್ನೂ ಎರಡು ಮೂರು ಸಿಕ್ಕಿದರೆ ಚೆನ್ನಲ್ಲವೇ ಎಂದು ನನ್ನ ಒಳಗಿನ ಕೋತಿ ಕೇಳಿತು. ಬಿ.ಎ. ಪದವಿ ಕೋತಿಗೆ ಹೂಂ ಎಂದಿತು.

“ಮಾವ,” ಎಂದೆ, “ಎರಡನೇ ಅರ್ಜಿ ಹಾಕುವ. ಈ ಸಲ ಡ್ರಿಂಕಿಂಗ್ ಅಂತ ಶುರು ಮಾಡಿದ್ರೆ ಹೇಗೆ? ದಿನಾ ಈ ತೋಡಿನ ನೀರನ್ನೇ ಕುಡಿಯುತ್ತಾ, ಅದನ್ನು ದಾಟಲಾರದೆ... ಒಳ್ಳೆ ಕರುಣಾರಸ.”

ಮಾವನ ಕಣ್ಣು ತುಂಬಿತು. “ಕಲ್ತೆ ನೀನು. ಡ್ರಿಂಕಿಂಗ್ ಡೈಲಿ ಫ್ರಮ್ ದಿಸ್ ಸ್ಟ್ರೀಮ್. ಬಿ.ಎ.ಗೆ ಈಗ ಒಂದು ಅರ್ಥ ಬಂತು.”

ಡ್ರಿಂಕಿಂಗ್ ಡೈಲಿ. ಅಬಕಾರಿ ಸಬ್ ಇನ್‌ಸ್ಪೆಕ್ಟರು ಒಂಬತ್ತನೆಯ ದಿನಕ್ಕೇ ಬಂದರು, ಮಂಗಳೂರಿನ ಕಡೆಯವರು. ಇವರು ಜಾಣರು, ಸಂಕವನ್ನು ಓಡಿ ದಾಟಲು ನೋಡಿದರು. ಓಡಿದ್ದರಿಂದ ಬಿದ್ದದ್ದೂ ಸ್ವಲ್ಪ ಮುಂದೆ.

“ಎಂತ ಮಾರಾಯ್ರೆ ನಿಮ್ಮ ಊರು, ಕಳ್ಳಭಟ್ಟಿ ಹಿಡಿಯುವುದಾ, ಮೀನು ಹಿಡಿಯುವುದಾ?” ಎಂದು ಅವರು ನೀರಿನಿಂದಲೇ ವಿಚಾರಣೆ ಶುರು ಮಾಡಿದರು. “ದಿನಾ ಕುಡಿಯುತ್ತೇವೆ ಅಂತ ನೀವೇ ಬರೆದು ಕೊಟ್ಟದ್ದಲ್ವಾ? ಇಷ್ಟು ಸತ್ಯವಂತರನ್ನು ನಾನು ನೋಡಿದ್ದೇ ಇಲ್ಲ.”

ಅವರು ಬಟ್ಟೆ ಹಿಂಡಿಕೊಳ್ಳುವಷ್ಟು ಹೊತ್ತಿನಲ್ಲಿ ಊರಿಡೀ ಒಂದು ವಿಚಿತ್ರ ಗಡಿಬಿಡಿ ಹಬ್ಬಿತು. ಬೋಜಪ್ಪಣ್ಣನ ಹಿತ್ತಿಲಲ್ಲಿ ಏನೋ ಒಂದು ಮಡಕೆ ಹಂದಿಯ ಮರಿಗೆಗೆ ಬೋರಲಾಯಿತು. ಅಬಕಾರಿಯವರು ಮನೆ ಮನೆ ಶೋಧಿಸಿದರೂ ಒಂದು ಹನಿ ಸಿಗಲಿಲ್ಲ. ಆದರೆ ಬೋಜಪ್ಪಣ್ಣನ ಗಂಡುಹಂದಿ ಅಂಗಳಕ್ಕೆ ಬಂದು, ಸರ್ಕಾರದ ಮುಂದೆ ಎರಡು ಸುತ್ತು ಹಾಕಿ, ಅವರ ಒದ್ದೆ ಬೂಟಿಗೆ ತಲೆಯಿಟ್ಟು ನಿದ್ದೆ ಹೋಯಿತು.

“ಇದಕ್ಕೆ ಎಂತ ಆಗಿದೆ?”

“ವಯಸ್ಸಾತ್,” ಎಂದರು ಬೋಜಪ್ಪಣ್ಣ.

ಅಬಕಾರಿಯವರು ಹೋದ ಮೇಲೆ ಬೋಜಪ್ಪಣ್ಣ ನೇರವಾಗಿ ಮಾವನ ಜಗಲಿಗೆ ಬಂದರು. “ಬೆಳ್ಯಪ್ಪ, ನಿನ್ನ ಇಂಗಿಂದ ಮೊದಲು ಜ್ವರ ಬಂತ್. ಈಗ ಒಂದು ಮಡಕೆ ಹೋತ್. ಸೇತುವೆ ಎಲ್ಲಿ ಉಟ್ಟು?”

“ಎರಡು ಇಲಾಖೆ ಬಂದು ನೋಡಿ ಹೋದುವು,” ಎಂದರು ಮಾವ ನಿಧಾನವಾಗಿ. “ಸರ್ಕಾರ ಹತ್ತಿರ ಹತ್ತಿರ ಬರ್ತಾ ಉಟ್ಟು. ನಿಂಗೆ ತಾಳ್ಮೆ ಇಲ್ಲೆ.”

ಮೂರನೆಯ ಅರ್ಜಿಗೆ ನಾನೇ ಪೆನ್ಸಿಲ್ ಹಿಡಿದು ಕುಳಿತೆ. ಊರನ್ನು ನಾಲ್ಕು ತಿಂಗಳು ಕತ್ತರಿಸಿಹಾಕುವ ಈ ತೋಡು ಎಂಬ ಅರ್ಥ ಬರುವಂತೆ ‘ಕಟಿಂಗ್ ಆಫ್ ಅವರ್ ವಿಲೇಜ್’ ಎಂದು ಸೂಚಿಸಿದೆ. ಮಾವ ಅದನ್ನು ಎರಡು ಸಲ ಗಟ್ಟಿಯಾಗಿ ಓದಿ, ಕಾಗದಕ್ಕೆ ಕೈಮುಗಿದರು. ಕೊಡಗಿನಲ್ಲಿ ಕಟಿಂಗ್ ಎಂದರೆ ಮರ. ಬೇರೆ ಯಾವ ಅರ್ಥವೂ ಇಲ್ಲ. ಫಾರೆಸ್ಟ್ ರೇಂಜರು ಇಬ್ಬರು ಗಾರ್ಡುಗಳೊಂದಿಗೆ ಬಂದರು. ಗಾರ್ಡುಗಳು ಕಾಡಿನವರು, ಬೂಟು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಕೊಕ್ಕರೆಯಂತೆ ದಾಟಿದರು. ರೇಂಜರಿಗೆ ಬೂಟು ಬಿಚ್ಚುವುದು ಹುದ್ದೆಗೆ ಕಡಿಮೆ. ಅವರು ಬಿದ್ದ ಸದ್ದಿಗೆ ಅಡಿಕೆಗಾತ್ರದ ಏಡಿಗಳು ಕೂಡ ಕಲ್ಲಿನಿಂದ ಈಚೆ ಬಂದು ನೋಡಿದವು.

“ಇಡೀ ಊರಿನ ಮರ ಕಡಿದಿದ್ದಾರೆ ಅಂತ ಕಂಪ್ಲೇಂಟ್. ಎಲ್ಲಿ ಕಡಿದದ್ದು?” ಎಂದು ರೇಂಜರು ಮೀಸೆ ಹಿಂಡಿದರು.

“ಇದೊಂದೇ ಸ್ವಾಮಿ ಕಡಿದದ್ದು,” ಎಂದರು ಮುದ್ದಜ್ಜಿ, ಸಂಕವನ್ನು ತೋರಿಸುತ್ತಾ. ಎರಡು ಹಲ್ಲು ಹೋದ ಮೇಲೆ ಅಜ್ಜಿ ಯಾರಿಗೂ ಹೆದರುತ್ತಿರಲಿಲ್ಲ. “ನನ್ನ ಗಂಡನ ಅಪ್ಪನ ಕಾಲದಲ್ಲಿ ಕಡಿದದ್ದು. ತಕಂಡ್ ಹೋಗಿ. ಆದ್ರೆ ನೀವು ಆಚೆ ಹೋದ ಮೇಲೆ ತಕಳಿ.”

ರೇಂಜರು ಸಂಕದ ಉದ್ದ, ದಪ್ಪ ಅಳೆದು, ಅದಕ್ಕೊಂದು ಸರ್ಕಾರಿ ಸುತ್ತಿಗೆ ಗುರುತು ಹೊಡೆದು, ವಾಪಸು ಹೋಗುವಾಗ ಮತ್ತೊಮ್ಮೆ ಬಿದ್ದರು.

ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ಒಳ್ಳೆಯವನಾಗುತ್ತಿದ್ದೆ. ಆಗಲೇ ಮಾರ್ಚ್ ತಿಂಗಳು. ಕಾಫಿ ಹೂವಿನ ಮಳೆ ಬಂದು ಹೋಗಿತ್ತು. ಬೋಜಪ್ಪಣ್ಣ ಸಿಕ್ಕಿದಾಗಲೆಲ್ಲ ನನಗೆ “ಪೆನ್ನಿಗೆ ಮಸಿ ತುಂಬಿಸ್ಕೋ” ಎನ್ನುತ್ತಿದ್ದರು. ಮಾವನ ಮುಖ ಸಪ್ಪಗಾಗಿತ್ತು. ಜಗಲಿಯಲ್ಲಿ ಕುಳಿತು ಮೋಡ ಲೆಕ್ಕ ಹಾಕುತ್ತಿದ್ದರು. ಅವರನ್ನು ಗೆಲುವಾಗಿಸಬೇಕೆಂದು, ನನ್ನ ಆಣೆಗೂ ಅದೇ ಉದ್ದೇಶದಿಂದ, ಒಂದು ಕಾವ್ಯಮಯವಾದ ಆರಂಭ ಕೊಟ್ಟೆ. ಪ್ರತಿ ವರ್ಷ ನಮ್ಮ ಆಸೆಗಳನ್ನು ಮಣ್ಣಿನಲ್ಲಿ ಹೂಳುತ್ತಾ. ‘ಬರಿಯಿಂಗ್ ಅವರ್ ಹೋಪ್ಸ್ ಇಯರ್ಲಿ.’ ಅದು ಯಾವ ಗೂಡಿಗೆ ಬೀಳುತ್ತದೆಂದು ನಾನು ಯೋಚಿಸಿರಲಿಲ್ಲ. ಕೃಷಿ ಇಲಾಖೆಗೆ ಹೋದೀತೆಂದುಕೊಂಡಿದ್ದೆ.

ಹೋದದ್ದು ಪೊಲೀಸಿಗೆ.

ಸಬ್ ಇನ್‌ಸ್ಪೆಕ್ಟರು, ಇಬ್ಬರು ಕಾನ್‌ಸ್ಟೇಬಲ್ಲರು, ಎರಡು ಗುದ್ದಲಿ. ಮೂವರೂ ಬಿದ್ದರು. ಗುದ್ದಲಿ ಒಂದು ಸಿಗಲೇ ಇಲ್ಲ.

“ಯಾರ್ರೀ ಈ ಹೋಪ್ಸ್?” ಎಂದು ಸಬ್ ಇನ್‌ಸ್ಪೆಕ್ಟರು ಮಾವನ ಜಗಲಿಯಲ್ಲಿ ನಿಂತು ಗದರಿಸಿದರು. ಅವರ ಟೋಪಿಯಿಂದ ನೀರು ಯಮುನತ್ತೆ ಸಾರಿಸಿದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. “ದೊರೆಗಳ ಕುಟುಂಬವಾ? ನೀವು ಕೆಲಸಕ್ಕಿದ್ದದ್ದು ಇಂಗ್ಲಿಷ್ ದೊರೆಯ ಹತ್ತಿರ ಅಲ್ವಾ? ವರ್ಷಕ್ಕೊಬ್ಬರ ಹಾಗೆ ಹೂಳ್ತಾ ಇದ್ದೀರಿ, ಅದನ್ನ ಸರ್ಕಾರಕ್ಕೆ ಬರೆದು ಬೇರೆ ತಿಳಿಸ್ತೀರಿ.”

“ಹೂಳ್ತಾ ಇರುವುದು ನಿಜ ಸಾರ್,” ಎಂದರು ಮಾವ ಭಾವುಕರಾಗಿ. “ನಾನೊಬ್ಬನೇ ಅಲ್ಲ. ಊರಿನ ನಲವತ್ತು ಮನೆಯವರೂ ಸೇರಿಯೇ ಹೂಳುದು. ಪ್ರತಿ ಜೂನ್ ತಿಂಗಳಲ್ಲಿ.”

ಕಾನ್‌ಸ್ಟೇಬಲ್ಲರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಾಗಿಲಿಗೆ ಅಡ್ಡವಾಗಿ ನಿಂತರು.

“ಎಲ್ಲಿ?”

“ಎಲ್ಲಿ ಅಂತ ಹೇಳುದು ಸಾರ್. ಎದೆಯೊಳಗೆ.”

ಸಬ್ ಇನ್‌ಸ್ಪೆಕ್ಟರು ಮಾವನನ್ನು ಹೇಳಿಕೆ ಕೊಡಲು ಮಡಿಕೇರಿಗೆ ಕರೆದುಕೊಂಡು ಹೊರಟರು. ಮಾವ ಐದು ನಿಮಿಷ ಕೇಳಿಕೊಂಡು ದೊರೆ ಕೊಟ್ಟ ಕೋಟು ಹಾಕಿ, ಗೋಡೆಯ ಸರ್ಟಿಫಿಕೇಟನ್ನು ಗಾಜಿನ ಸಮೇತ ಕಂಕುಳಲ್ಲಿಟ್ಟು ಹೊರಬಂದರು. ತೋಡಿನ ಆಚೆ ಜೀಪಿನಲ್ಲಿ ಮುಂದಿನ ಸೀಟೇ ಬೇಕೆಂದರು. ಹಿಂದಿನ ಸೀಟಿನಲ್ಲಿ ಗಾಜು ಒಡೆದೀತು ಎಂದು ಕಾರಣ ಕೊಟ್ಟು, ಅಲ್ಲೇ ಕುಳಿತರು. ರಸ್ತೆಯ ಬದಿಯಲ್ಲಿ ಸಿಕ್ಕಿದವರಿಗೆಲ್ಲ ಕೈ ಎತ್ತಿ ನಮಸ್ಕಾರ ಮಾಡುತ್ತಾ ಹೋದರು. ನೋಡಿದವರು ಹೊಸ ಮಂತ್ರಿ ಎಂದುಕೊಂಡರಂತೆ.

ಊರಿನ ದಡದಲ್ಲಿ ಮಾತ್ರ ಯಾರಿಗೂ ನಗು ಬರಲಿಲ್ಲ. ಯಮುನತ್ತೆ ಸಂಕದ ಹತ್ತಿರ ನಿಂತಿದ್ದವರು ನನ್ನ ಕಡೆ ತಿರುಗಿ, “ಉತ್ತಯ್ಯ, ಅವರಿಗೆ ಬರುದು ಅದೊಂದೇ. ಅದನ್ನೂ ಕಿತ್ಕಂಡ್ರೆ ಎಂತ ಮಾಡ್ತಾರೆ?” ಎಂದರು. ನನ್ನೊಳಗಿನ ಕೋತಿ ಮೊದಲ ಬಾರಿಗೆ ಬಾಲ ಮುದುಡಿತು. ಮುಂದಿನ ಬಸ್ಸಿಗೇ ಹೊರಟೆ.

ಮಡಿಕೇರಿಯಲ್ಲಿ ಪೊಲೀಸಿನ ದೊಡ್ಡ ಅಧಿಕಾರಿಯ ಕೋಣೆಗೆ ನಾನು ಹೋಗಿ ಮುಟ್ಟುವಾಗ ಅವರು ಕಚೇರಿಯಿಂದ ಅರ್ಜಿಯ ಮೂಲವನ್ನೇ ತರಿಸಿಕೊಂಡು ಓದುತ್ತಿದ್ದರು. ಬೆಳ್ಯಪ್ಪ ಮಾವನ ಒಂದು ಅರ್ಜಿಯನ್ನು ನಾಲ್ಕನೆಯ ಪದದ ಆಚೆಗೂ ಓದಿದ ಪ್ರಥಮ ಸರ್ಕಾರಿ ಮನುಷ್ಯ ಅವರು. ಓದಿ ಮುಗಿಸಿ, ಕನ್ನಡಕ ತೆಗೆದು, ಸಬ್ ಇನ್‌ಸ್ಪೆಕ್ಟರನ್ನು ನೋಡಿದರು.

“ಇವರು ಹೂತದ್ದು ಆಸೆಗಳನ್ನಂತೆ. ಗುದ್ದಲಿ ಎಲ್ಲಿ?”

“ಒಂದು ತೋಡಿನಲ್ಲಿದೆ ಸಾರ್.”

ಅಧಿಕಾರಿ ಟೆಲಿಫೋನ್ ಎತ್ತಿ ಇಂಜಿನಿಯರ ಕಚೇರಿಗೆ ಮಾತಾಡಿದರು. ಐದು ನಿಮಿಷದಲ್ಲಿ ಇಂಜಿನಿಯರೇ ಬಂದರು, ಕೈಯಲ್ಲಿ ಕಾಗದಗಳ ಕಟ್ಟು. ಸರ್ಕಾರದಲ್ಲಿ ಹೊಸ ಬೂಟು ಬೇಕಾದರೆ ಹಳೆಯ ಬೂಟು ಹೇಗೆ ಹಾಳಾಯಿತೆಂದು ಬರೆದುಕೊಡಬೇಕು. ಆರೋಗ್ಯದವರು ಬರೆದಿದ್ದರು: ಕಲ್ಲುಮೊಟ್ಟೆಯಲ್ಲಿ ಸೇತುವೆ ಇಲ್ಲದ ಕಾರಣ. ಅಬಕಾರಿಯವರು ಬರೆದಿದ್ದರು: ಕಲ್ಲುಮೊಟ್ಟೆಯಲ್ಲಿ ಸೇತುವೆ ಇಲ್ಲದ ಕಾರಣ. ರೇಂಜರು, ಎರಡು ಸಲ ಬಿದ್ದದ್ದರಿಂದ, ಎರಡು ಪುಟ ಬರೆದಿದ್ದರು. ಎಲ್ಲ ಇಲಾಖೆಗಳೂ ‘ಸಂಬಂಧಪಟ್ಟವರು ಕ್ರಮ ಕೈಗೊಳ್ಳತಕ್ಕದ್ದು’ ಎಂದು ಷರಾ ಹಾಕಿ ಇಂಜಿನಿಯರಿಗೆ ಕಳಿಸಿದ್ದವು.

“ಯಾವುದಪ್ಪ ಈ ಊರು, ಇಡೀ ಸರ್ಕಾರವೇ ಅಲ್ಲಿಗೆ ಓಡಾಡ್ತಾ ಇದೆ ಅಂದುಕೊಂಡಿದ್ದೆ,” ಎಂದರು ಇಂಜಿನಿಯರು. “ನನ್ನ ಸರ್ವೀಸಲ್ಲಿ ಒಂದು ಊರಿನ ಸೇತುವೆಗೆ ಇಷ್ಟು ಡಿಪಾರ್ಟ್‌ಮೆಂಟು ಶಿಫಾರಸು ಮಾಡಿದ್ದು ಕಂಡಿಲ್ಲ. ನಾಡಿದ್ದು ಬಂದು ಜಾಗ ನೋಡ್ತೀನಿ.”

ಮಾವ ಆ ಸಂಜೆಯ ಬಸ್ಸಿಗೇ ಸರ್ಟಿಫಿಕೇಟಿನ ಸಮೇತ ನನ್ನ ಜೊತೆ ಊರಿಗೆ ಬಂದರು. ಇಂಜಿನಿಯರು ನಾಡಿದ್ದು ಬಂದರು. ಐದನೆಯ ಇಲಾಖೆಯ ಬೂಟು ಯಾವುದೆಂದು ನೀವು ಊಹಿಸಿರುತ್ತೀರಿ. ತೋಡಿನ ಆಳ ಅಳೆಯಲು ಅವರ ಜವಾನ ಒಂದು ಕೋಲು ತಂದಿದ್ದ. ಅದರ ಅಗತ್ಯ ಬೀಳಲಿಲ್ಲ. ಇಂಜಿನಿಯರು ನೀರಿನಲ್ಲಿ ನಿಂತಲ್ಲಿಂದಲೇ ‘ಆಳ: ಸೊಂಟದಿಂದ ಒಂದು ಗೇಣು ಮೇಲೆ’ ಎಂದು ಬರೆಸಿದರು.

ಎಪ್ರಿಲಿನಲ್ಲಿ ಕಲ್ಲು ಬಂತು. ಮೇ ತಿಂಗಳಲ್ಲಿ ಮರದ ದಿಮ್ಮಿ, ಹಲಗೆ, ಎರಡೂ ಕಡೆಗೆ ಕೈಮರ. ಊರಿನ ಗಂಡಸರೆಲ್ಲ ಕೈ ಹಾಕಿದರು. ಮೊದಲ ಮುಂಗಾರಿನ ಮೋಡ ಬೆಟ್ಟದ ತಲೆಗೆ ಬಂದು ಕುಳಿತ ದಿನ ಸೇತುವೆ ಮುಗಿಯಿತು. ಮುದ್ದಜ್ಜಿ ಮೊದಲು ದಾಟಿದರು. ಡಾಕ್ಟರ ಹತ್ತಿರ ಕೆಲಸವೇನೂ ಇರಲಿಲ್ಲ, ಸುಮ್ಮನೆ ಹೋಗಿ ಬಂದರು. ಬೆಳ್ಯಪ್ಪ ಮಾವ ಕೋಟು ಹಾಕಿ ಸೇತುವೆಯ ನಡುವೆ ನಿಂತು, ಬಂದವರನ್ನೆಲ್ಲ ತಮ್ಮ ಮನೆಗೆ ಬರಮಾಡಿಕೊಳ್ಳುವವರ ಹಾಗೆ ಬರಮಾಡಿಕೊಳ್ಳುತ್ತಿದ್ದರು. ಸಣ್ಣಸ್ವಾಮಿಯನ್ನೂ ನಾನು ಕರೆಸಿದ್ದೆ.

ಊಟವಾದ ಮೇಲೆ ಎಲ್ಲರೂ ಸೇತುವೆಯ ಮೇಲೇ ಕುಳಿತಿದ್ದಾಗ ನನ್ನ ಮನಸ್ಸು ತಡೆಯಲಿಲ್ಲ. ಎದ್ದು ನಿಂತು ಎಲ್ಲವನ್ನೂ ಹೇಳಿದೆ. ನಾಲ್ಕು ಪದದ ಕಾಲಮ್ಮು, ಚೀಟಿ, ಗೂಡು. ಡ್ರಿಂಕಿಂಗ್ ನನ್ನದು, ಕಟಿಂಗ್ ನನ್ನದು, ಬರಿಯಿಂಗ್ ಕೂಡ ನನ್ನದೇ. ಹೇಳುತ್ತಾ ಹೇಳುತ್ತಾ ಆರೋಗ್ಯದವರ ಮೂಗಿನ ದನಿ ಬಂತು, ಅಬಕಾರಿಯವರ ಮಂಗಳೂರು ಬಂತು, ರೇಂಜರು ಬಿದ್ದ ಸದ್ದೂ ಬಂತು. ಊರು ಹೊಟ್ಟೆ ಹಿಡಿದು ನಕ್ಕಿತು. ಕೊನೆಗೆ ಮಾವನ ದನಿ ಬಂತು: “ಎಲ್ಲಿ ಅಂತ ಹೇಳುದು ಸಾರ್. ಎದೆಯೊಳಗೆ.”

ಆಗ ಯಾರೂ ನಗಲಿಲ್ಲ. ಎಲ್ಲರೂ ಬೆಳ್ಯಪ್ಪ ಮಾವನ ಕಡೆ ನೋಡಿದರು. ಅವರು ಕೈಮರಕ್ಕೆ ಒರಗಿ ನೀರನ್ನು ನೋಡುತ್ತಿದ್ದರು.

“ಅಂದ್ರೆ,” ಎಂದರು ಬೋಜಪ್ಪಣ್ಣ, “ಇವನ ಇಂಗ್ಲಿಷಿಂದ ಸೇತುವೆ ಬಂದದ್ದಲ್ಲ. ಇವನನ್ನ ಈ ಹುಡುಗ ಕುಣಿಸಿದ್ದು.”

ಮಾವ ಕೈಮರ ಬಿಟ್ಟು ನೆಟ್ಟಗೆ ನಿಂತರು. ಸಣ್ಣಸ್ವಾಮಿಯ ಕಡೆ ತಿರುಗಿದರು. “ಗುಮಾಸ್ತರೇ, ಉತ್ತಯ್ಯನ ಬಿ.ಎ. ಇಂಗ್ಲಿಷಲ್ಲಿ ‘ನಮಗೆ ಸೇತುವೆ ಬೇಕು’ ಅಂತ ನೆಟ್ಟಗೆ ಬರೆದಿದ್ರೆ, ಆ ಅರ್ಜಿ ಎಲ್ಲಿಗೆ ಹೋಗ್ತಿತ್ತು?”

“ಸೀದಾ ಇಂಜಿನಿಯರ ಆಫೀಸಿಗೆ ಸಾರ್.”

“ಅಲ್ಲಿ?”

ಸಣ್ಣಸ್ವಾಮಿ ಕೆಮ್ಮಿದ. “ಅಲ್ಲೊಂದು ಬೀರು ಐತೆ ಸಾರ್. ಸೇತ್ವೆ ಬೇಕು ಅಂತ ನೆಟ್ಟಗೆ ಬರ್ದಿರೋ ಅರ್ಜಿಯೆಲ್ಲ ಅದ್ರಾಗೇ ಇಡೋದು. ನಾನು ಸೇರಿದಾಗಿಂದ ಅದ್ರ ಬಾಗ್ಲು ತೆಗ್ದಿದ್ದು ನೋಡಿಲ್ಲ. ಬೀಗದ ಕೈ ಯಾರ ತಾವ ಅದೆ ಅಂತ್ಲೂ ಗೊತ್ತಿಲ್ಲ.”

ಮಾವನ ಭುಜ ಅಲುಗಿತು. ಕೋಟಿನ ಗುಂಡಿ ಅಲುಗಿತು. “ಬೀರು,” ಎಂದರು ನನ್ನ ಕಡೆ ಬೆರಳು ತೋರಿಸಿ. “ನಿನ್ನ ಬಿ.ಎ.ಗೆ ಬೀರು.” ಒಂದು ಬೆರಳು ಮಡಚಿದರು. “ನನ್ನ ಇಂಗಿಗೆ ಡಾಕ್ಟ್ರು.” ಎರಡನೆಯದು ಮಡಚಿದರು. “ಅಬಕಾರಿ.” ಮೂರನೆಯದಕ್ಕೆ ಬರುವಷ್ಟರಲ್ಲಿ ಮಾತು ನಿಂತು ನಗು ಬಂತು. ಅಂಥ ನಗುವನ್ನು ನಾನು ಆವರೆಗೆ ಕೇಳಿರಲಿಲ್ಲ. ಇಂದಿಗೂ ಅದೊಂದನ್ನು ನನ್ನ ಗಂಟಲಿನಿಂದ ಹೊರಡಿಸಲು ಆಗಿಲ್ಲ. ಯಮುನತ್ತೆ ಸೆರಗು ಬಾಯಿಗೆ ತುರುಕಿಕೊಂಡರು. ಬೋಜಪ್ಪಣ್ಣ ಮುಖ ಗಂಟಿಕ್ಕಲು ನೋಡಿ, ಸೋತು, ನಕ್ಕರು. ಆಚೆ ದಡದ ರಸ್ತೆಯಲ್ಲಿ ನಿಂತಿದ್ದ ಬಸ್ಸಿನವರು ಏನಾಯಿತೆಂದು ಕಿಟಕಿಯಿಂದ ತಲೆ ಹೊರಹಾಕಿದರು. ಊರಿಗೆ ಊರೇ ನಗುತ್ತಿದ್ದರೂ, ಅದರ ನಡುವೆ ಬೆಳ್ಯಪ್ಪ ಮಾವನ ನಗುವೊಂದೇ ಬೇರೆಯಾಗಿ, ಎಲ್ಲಕ್ಕಿಂತ ಮೇಲೆ, ಎರಡು ದಡಕ್ಕೂ ಕೇಳಿಸುತ್ತಿತ್ತು.